ನಮ್ಮಣ್ಣನ ಸೌಜನ್ಯವೂ ಮೀನಖಂಡವೂ

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಕೆಂಪು, ನೀಲಿ ಸೀಮೆಸುಣ್ಣ ಕೊಟ್ಟರೆ ಹೃದಯದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಅಂಥ ನಾನು, ಒಡಹುಟ್ಟಿದ ಅಣ್ಣನ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಅನ್ನುವುದನ್ನು ಹತ್ತಿರ ಹತ್ತಿರ ಒಂದು ವರ್ಷ ಎದುರಿಗೇ ನೋಡಿದೆ. ನೋಡಿ, ಪರವಾಗಿಲ್ಲ, ಇವನಿಗೂ ಕೊನೆಗೆ ಒಳ್ಳೇ ಬುದ್ಧಿ ಬಂತು ಅಂತ ಖುಷಿಪಟ್ಟೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಯಾರ ಮೇಲೆ ಅಂತ ಕೇಳಬೇಡಿ. ಪಟ್ಟಿ ಉದ್ದವಿದೆ, ಮೊದಲ ಹೆಸರು ನನ್ನದೇ.

ನಾನು ಹುಟ್ಟಿದ್ದೂ ಮದ್ದೂರು ಕಡೆಯ ಕೊಪ್ಪ, ನನ್ನನ್ನು ಕೊಟ್ಟಿದ್ದೂ ಕೊಪ್ಪಕ್ಕೇ. ತವರಿಗೂ ಗಂಡನ ಮನೆಗೂ ಎರಡೇ ಬೀದಿ. ಹಾಗಾಗಿ ನಮ್ಮಣ್ಣ ಪುಟ್ಟಸ್ವಾಮಿ ನನಗೆ ದಿನಾ ಕಾಣುತ್ತಿದ್ದ. ಕಾಣುತ್ತಿದ್ದ ಅಷ್ಟೆ, ಮಾತಾಡುತ್ತಿರಲಿಲ್ಲ. ನಮ್ಮ ಕಡೆ ಎದುರಾದವರನ್ನು 'ತಿಂಡಿ ಆಯ್ತಾ' ಅಂತ ಕೇಳದೆ ದಾಟಿ ಹೋಗುವುದು ದೊಡ್ಡ ಅಪರಾಧ. ಯಾರಿಗೂ ಯಾರ ತಿಂಡಿಯ ಚಿಂತೆಯೂ ಇರುವುದಿಲ್ಲ, ಆದರೂ ಕೇಳಬೇಕು. ಅವರು 'ಆಯ್ತು, ನಿಮ್ದು?' ಅನ್ನಬೇಕು. ಅಣ್ಣ ಈ ಶಾಸ್ತ್ರಕ್ಕೆ ಜನ್ಮದಲ್ಲೇ ಸೊಪ್ಪು ಹಾಕಿದವನಲ್ಲ. ಹಾಲಿನ ಕ್ಯಾನು ಹಿಡಿದು ಮನೆ ಬಿಟ್ಟರೆ ಡೈರಿ ಬಾಗಿಲಲ್ಲೇ ನಿಲ್ಲುತ್ತಿದ್ದದ್ದು. ಯಾರಾದರೂ 'ಪುಟ್ಸಾಮಣ್ಣ, ತಿಂಡಿ ಆಯ್ತಾ?' ಅಂದರೆ, 'ಆಗ್ದಿದ್ರೆ ನೀನ್ ಇಕ್ಕೀಯೇನ್ಲಾ?' ಅಂತ ತಿರುಗಿಯೂ ನೋಡದೆ ಹೋಗಿಬಿಡುತ್ತಿದ್ದ.

ಅಂಥವನು ಅರವತ್ತನಾಲ್ಕನೇ ವಯಸ್ಸಿನಲ್ಲಿ ಬದಲಾದ. ಮೊದಲು ಹಿಟ್ಟಿನ ಗಿರಣಿ ಮುಂದೆ ನಿಂತು ಗಿರಣಿಯವನ ಮಗಳ ಪರೀಕ್ಷೆಯ ವಿಚಾರ ಕೇಳಿದನಂತೆ. ಆಮೇಲೆ ಸೈಕಲ್ ಶಾಪಿನ ಮುಂದೆ, ಆಮೇಲೆ ಬಸ್‌ಸ್ಟಾಪಿನಲ್ಲಿ. ನಾಲ್ಕನೆಯದು ನಮ್ಮ ಮನೆ ಜಗಲಿ. ಕ್ಯಾನು ಕೆಳಗಿಟ್ಟು, ಕಂಬ ಹಿಡಿದುಕೊಂಡು, 'ಏನ್ಮಾಡಿದ್ದೀಯವ್ವ?' ಅಂತ ಶುರುಮಾಡಿ, ಅವ್ವ ಮಾಡುತ್ತಿದ್ದ ಹುರುಳಿಕಾಳು ಬಸ್ಸಾರಿನವರೆಗೂ ಹೋಗುತ್ತಿದ್ದ. ನಾಲ್ಕೈದು ನಿಮಿಷ ಆದಮೇಲೆ ಅರ್ಧ ಮಾತಿಗೇ ಕ್ಯಾನು ಎತ್ತಿಕೊಂಡು ಹೊರಡುತ್ತಿದ್ದ. ಮಾತು ಎಲ್ಲಿಗೆ ಬಂದಿತ್ತು ಅನ್ನುವುದು ಅವನಿಗೆ ಮುಖ್ಯವೇ ಅಲ್ಲ. ಊರಿಗೆ ಊರೇ ಬೆರಗಾಯಿತು. 'ಮೊಮ್ಮಗ ಹುಟ್ಟಿದ್ ಮ್ಯಾಕೆ ಎಷ್ಟ್ ಒಳ್ಳೇರಾಗ್ಬುಟ್ರು ಕಣಮ್ಮ ನಿಮ್ಮಣ್ಣ' ಅಂತ ಸೈಕಲ್ ಶಾಪಿನವನು ಹೇಳಿದಾಗ ನಾನು ತಲೆ ಎತ್ತಿಕೊಂಡು ಬೀಗಿದೆ. ಇವನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವರು ಹೆಣ್ಣು ನೋಡುವುದಕ್ಕೆ ಇವನನ್ನೇ ಹಿರಿಯನಾಗಿ ಕರೆದುಕೊಂಡು ಹೋದರು!

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಆ ಸೌಜನ್ಯವೆಲ್ಲ ಅವನ ಮೀನಖಂಡದ ನೋವು. ನೂರಿನ್ನೂರು ಹೆಜ್ಜೆ ಹಾಕಿದರೆ ಕಾಲಿನ ಹಿಂಬದಿಯ ಆ ಮಾಂಸ ಗಂಟು ಹಾಕಿದಂತೆ ಹಿಡಿದುಕೊಳ್ಳುತ್ತಿತ್ತು. ನಿಂತರೆ ಬಿಡುತ್ತಿತ್ತು. ಸುಮ್ಮನೆ ನಿಂತರೆ ಜನ ಏನಾಯ್ತು ಅಂತಾರೆ, ಅದಕ್ಕೇ ಮಾತು. ಇದು ಗೊತ್ತಿದ್ದವಳು ಅತ್ತಿಗೆ ಒಬ್ಬಳೇ. ಅವಳು ಮಳವಳ್ಳಿ ಕಡೆಯಿಂದ ಯಾರೋ ಕೊಟ್ಟ ಕಪ್ಪು ಎಣ್ಣೆ ತರಿಸಿ, ಬಾಗಿಲು ಹಾಕಿಕೊಂಡು ದಿನಾ ತಿಕ್ಕಿದಳು. ಗಂಡಸಿನ ನೋವು ಹೊಸಿಲು ದಾಟಬಾರದಂತೆ! ನನ್ನ ಬಾಯಿಗೆ ಬರುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗದ್ದೆಯಲ್ಲಿ ಕಡಿದುಳಿದ ಕಬ್ಬಿನ ಕೂಳೆ ಕಾಲಿನ ಹೆಬ್ಬೆರಳಿಗೆ ಚುಚ್ಚಿದ್ದರಿಂದ ಗುಟ್ಟು ಬಯಲಾಯಿತು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ, ಬೆರಳು ಕಪ್ಪಗಾಯಿತು. ಬೈದು ಬೈದು ಬಸ್ಸು ಹತ್ತಿಸಿ ಮದ್ದೂರಿಗೆ ಕರೆದುಕೊಂಡು ಹೋದೆ. ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ ಪಾದ ಮುಟ್ಟಿ ನೋಡಿ, 'ಇದೇನ್ ಇಷ್ಟು ತಣ್ಣಗಿದೆ? ಎಷ್ಟು ದೂರ ನಡೀತೀರ ಯಜಮಾನ್ರೆ?' ಅಂದಳು.

'ಡೈರಿಗಂಟ ಓಗೋಕೆ ನಾಕ್ ಕಿತ ನಿಂತ್ಕಬೇಕು ಕಣವ್ವ' ಅಂದ ಅಣ್ಣ.

ನಾಲ್ಕು ಸಲ. ಗಿರಣಿ, ಸೈಕಲ್ ಶಾಪು, ಬಸ್‌ಸ್ಟಾಪು, ನಮ್ಮ ಜಗಲಿ. ನನ್ನ ತಲೆಯೊಳಗೆ ಗಿರಣಿಯೇ ಓಡಿದ ಹಾಗಾಯಿತು. 'ಬಾಯಿ ಇರ್ಲಿಲ್ವಾ ನಿಂಗೆ? ಒಂದ್ ಮಾತ್ ಹೇಳೋಕೇನಾಗಿತ್ತು?' ಅಂತ ಆಸ್ಪತ್ರೆಯಲ್ಲೇ ಕೂಗಾಡಿದೆ.

'ಯಾರ್ ಕೇಳುದ್ರಿ? ಎಲ್ರೂ ತಿಂಡಿ ಆಯ್ತಾ ಅಂತ್ಲೇ ಕೇಳುದ್ರಿ' ಅಂದ.

ಅದಕ್ಕೂ ಅವನನ್ನೇ ಬೈದೆ. ತಪ್ಪು ನನ್ನದಾದಾಗ ನನಗೆ ಸಿಟ್ಟು ಇನ್ನೂ ಜಾಸ್ತಿ ಬರುತ್ತೆ.

ಮದ್ದೂರಿನಿಂದ ಮೈಸೂರಿಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ. ಸ್ಕ್ಯಾನು ಮಾಡಿ, ತೊಡೆಯ ರಕ್ತನಾಳ ಕಟ್ಟಿಕೊಂಡಿದೆ, ಇನ್ನಷ್ಟು ತಡವಾದರೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಗುತ್ತೆ ಅಂದರು. ನಾನು ತರಗತಿಯಲ್ಲಿ ಇದನ್ನು 'ನಲ್ಲಿಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ' ಅಂತ ಪಾಠ ಮಾಡಿದ್ದೆ. ಅದೂ ತಪ್ಪಂತೆ. ಜಿಡ್ಡು ಮೇಲೆ ಅಂಟಿಕೊಳ್ಳುವುದಿಲ್ಲ. ಬೀಡಿ ಹೊಗೆ, ಸಕ್ಕರೆ, ಬಿಪಿ ಎಲ್ಲ ಸೇರಿ ನಾಳದ ಗೋಡೆಯನ್ನು ಗಾಸಿ ಮಾಡುತ್ತವೆ; ಜಿಡ್ಡು ಗೋಡೆಯ ಒಳಗೇ ಹೊಕ್ಕು, ಕೆರಳಿ, ಉಬ್ಬಿ, ದಾರಿ ಕಿರಿದಾಗುತ್ತೆ. ಕಾಯಿಲೆಗೆ ವೈದ್ಯರು ಗ್ರೀಕಿನಿಂದ ಎತ್ತಿಕೊಂಡ ಹೆಸರಿನಲ್ಲಿ 'ಅಂಬಲಿ' ಅನ್ನುವ ಅರ್ಥವಿದೆಯಂತೆ, ಒಳಗಿರುವುದು ಹಾಗೆ ಕಾಣುತ್ತೆ ಅಂತ. ರಾಗಿ ಅಂಬಲಿ ಕುಡಿದು ಬೆಳೆದವಳಿಗೆ ಇದೂ ಒಂದು ಅವಮಾನ. ನಲವತ್ತು ವರ್ಷ ದಿನಕ್ಕೆರಡು ಕಟ್ಟು ಬೀಡಿ ಸುಟ್ಟವನು ಅವನು, ಕೆಟ್ಟ ಹೆಸರು ಅಂಬಲಿಗೆ!

ನಾಳದೊಳಗೆ ಬಲೂನು ತೂರಿಸಿ ದಾರಿ ಬಿಡಿಸಿದರು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಕಾಲಿನಲ್ಲಿ ಹೀಗಾದವರಿಗೆ ಎದೆಯಲ್ಲೂ ಮಿದುಳಲ್ಲೂ ಆಗಬಹುದು, ಎಲ್ಲಾ ಒಂದೇ ಮೈಯಿನ ನಾಳಗಳಲ್ಲವೇ ಅಂತ ಹೇಳಿ ಒಂದು ಚೀಲ ಮಾತ್ರೆ ಕೊಟ್ಟು ಕಳಿಸಿದರು. ಬೀಡಿ ಬಿಟ್ಟಿದ್ದೇನೆ ಅನ್ನುತ್ತಾನೆ. ನಾನು ಅವನ ಅಂಗಿಯ ಜೇಬು ಮೂಸಿ ನೋಡಿಯೇ ನಂಬುವುದು.

ಈಗ ನಿಮ್ಮ ಹತ್ತಿರ ಮಾತ್ರ ಹೇಳುವ ಮಾತು. ನಮ್ಮ ಮನೆಯವರು ಹೋದಮೇಲೆ ನನ್ನ ಜಗಲಿಗೆ ದಿನಾ ಬಂದು ಮಾತಾಡಿಸಿದವನು ಅಣ್ಣ ಒಬ್ಬನೇ. ಆ ಒಂದು ವರ್ಷ ನಾನು ಬೆಳಿಗ್ಗೆ ಅವನು ಬರುವ ಹೊತ್ತಿಗೆ ಸರಿಯಾಗಿ ಜಗಲಿ ಗುಡಿಸುತ್ತಿದ್ದೆ. ಅವನು ನೋವು ನುಂಗಿಕೊಂಡು ಕಂಬ ಹಿಡಿದು ನಿಂತಿದ್ದ, ನಾನು ಸುಖವಾಗಿ ಹರಟುತ್ತಿದ್ದೆ. ಅವನ ಬೆವರು ಕಂಡಿತ್ತು, ಬಿಸಿಲು ಅಂದುಕೊಂಡೆ. ಬೆಳಿಗ್ಗೆ ಏಳು ಗಂಟೆಗೆ ಎಂಥಾ ಬಿಸಿಲು? ಥೂ ನನ್ನ ಬುದ್ಧಿಗಿಷ್ಟು! ಊರಿನವರನ್ನು, ಅತ್ತಿಗೆಯನ್ನು ಬೈದಷ್ಟೂ ಈ ಒಂದು ಸಿಟ್ಟು ಮಾತ್ರ ಇಳಿಯುವುದಿಲ್ಲ.

ಅವನು ದಿನಾ ನಡೆಯಬೇಕು ಅಂತ ಡಾಕ್ಟರ ಕಟ್ಟಪ್ಪಣೆ. ಕಾವಲಿಗೆ ನಾನು. ಮೊನ್ನೆ ಸಾಯಂಕಾಲ ನಾಲೆ ಏರಿಯ ಮೇಲೆ ನನಗಿಂತ ಎರಡು ಮಾರು ಮುಂದೆ ಬಿರಬಿರನೆ ಹೋಗುತ್ತಿದ್ದವನು ನೀರು ಬಿಡುವ ತೂಬಿನ ಹತ್ತಿರ ಗಕ್ಕನೆ ನಿಂತ.

'ಮತ್ತೆ ಹಿಡ್ಕತಾ? ಯಾವ್ ಕಾಲು? ಈಗ್ಲಾದ್ರೂ ಬಾಯ್ ಬುಡು!'

'ನಂಗೇನೂ ಇಡ್ಕಂಡಿಲ್ಲ.'

'ಮತ್ಯಾಕೆ ನಿಂತೆ?'

'ಮೂರ್ ದಿನದಿಂದ ನೋಡ್ತಾವ್ನಿ. ಈ ತೂಬಿನ್ ತಾವ್ ಬಂದೇಟ್ಗೆ ನೀನು ಎದೆ ಅಮುಕ್ಕತೀಯ. ನಿಂತ್ರೆ ಕೈ ತಗೀತೀಯ. ಏನದು?'

ನೋಡಿಕೊಂಡೆ. ಕೈ ಎದೆಯ ಮೇಲೇ ಇತ್ತು.

'ಗ್ಯಾಸ್ಟ್ರಿಕ್ಕು' ಅಂದೆ. ಅಂದಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅಣ್ಣ ನಗಲಿಲ್ಲ. 'ಗುರ್ವಾರ ಮೈಸೂರ್ ಡಾಕ್ಟ್ರು ತಾವ್ ಓಗ್ಬೇಕು ನಾನು. ನೀನೂ ಬತ್ತೀಯ. ಬಾಯ್ ಮುಚ್ಕಂಡ್ ಬತ್ತೀಯ' ಅಂದ.

ಹಿಂಗೂ ಮಾತಾಡುವುದುಂಟೇ ವಿಧವೆ ತಂಗಿಯ ಹತ್ತಿರ! ನೆತ್ತಿಗೇರಿತು ಸಿಟ್ಟು. ಉಸಿರು ಹತೋಟಿಗೆ ಬರುವವರೆಗೂ ತೂಬಿನ ಕಟ್ಟೆ ಹಿಡಿದು ನಿಂತಿದ್ದೆ. ಅವನೂ ಪಕ್ಕದಲ್ಲೇ ನಿಂತಿದ್ದ. ಆಮೇಲೆ 'ಬತ್ತೀನಿ' ಅಂದೆ.