ಕಲ್ಲುಗುಪ್ಪೆಯ ತಳದಲ್ಲಿ

ಚಳ್ಳಕೆರೆಯ ಮೈದಾನದಲ್ಲಿ ಬೆಳಗ್ಗೆ ಸುತ್ತು ಹಾಕುವ ನಾವು ಒಂದಷ್ಟು ಹಿರಿಯರು, ಚಳಿಗಾಲದಲ್ಲಿ ಒಮ್ಮೆ ಬುತ್ತಿ ಕಟ್ಟಿಕೊಂಡು ಇಡೀ ದಿನದ ನಡಿಗೆಗೆ ಹೊರಡುತ್ತೇವೆ. ಹೊಸ ಬಡಾವಣೆಯ ಕೊನೆಯ ಮನೆ ದಾಟಿ, ಎಣ್ಣೆ ಗಿರಣಿಯ ಹಿಂಡಿಯ ವಾಸನೆ ಹಿಂದುಳಿದ ಮೇಲೆ, ಜಾಲಿ, ಕಾರೆ, ತಂಗಡಿಗಳ ನಡುವೆ ಒಂದು ಕಾಲುದಾರಿ ಸಿಗುತ್ತದೆ. ಅದು ದನ ಮೇಯುವ ಕಾವಲಿನ ಬೇಲಿಗುಂಟ ಸಾಗಿ ಒಂದು ದಿಬ್ಬ ಹತ್ತುತ್ತದೆ. ದಿಬ್ಬದ ನೆತ್ತಿಯಲ್ಲಿ ಎದೆಯುದ್ದದ ಕಲ್ಲುಗುಪ್ಪೆ. ಹಾದುಹೋಗುವವರು ದಿಬ್ಬದ ಬುಡದಿಂದ ಒಂದು ಕಲ್ಲು ಹೊತ್ತು ತಂದು ಅದರ ಮೇಲಿಡಬೇಕೆಂಬುದು ಪದ್ಧತಿ. ಹಿಂದೆಂದೋ ತಲೆಹೊರೆಯೊಂದಿಗೆ ಅಲ್ಲಿ ಕುಸಿದು ಸತ್ತ ಹೆಂಗಸಿಗೆ ಆ ಕಲ್ಲುಗಳೇ ನೆರಳು ಎಂದು ಹೇಳಿಕೆ.

ನಾನು ಒಮ್ಮೆಯೂ ಇಟ್ಟವನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಉಳಿದದ್ದನ್ನು ಗ್ರಂಥಾಲಯದ ಬೆಂಚಿನ ಮೇಲೆ ಓದಿಕೊಂಡವನು ನಾನು. ಹಾಗೆ ಕಲಿತವರಿಗೆ, ಯಾರೋ ಹೇಳಿದ್ದನ್ನು ನಂಬಿಬಿಟ್ಟರೆ ಕಲಿತದ್ದೆಲ್ಲ ಕೈಬಿಟ್ಟು ಹೋದೀತೆಂಬ ಹೆದರಿಕೆ ಇರುತ್ತದೆ. ಗುಪ್ಪೆಯ ಅಡಿಯಲ್ಲಿ ಇರುವುದು ಸರ್ವೆಯವರು ಗಡಿಗೆ ನೆಟ್ಟ ಬಾಂದಕಲ್ಲು, ಅದನ್ನು ಗುರುತಿಸಲು ಪೇರಿಸಿದ ಕಲ್ಲುಗಳಿಗೆ ಆಮೇಲೆ ಕತೆ ಹುಟ್ಟಿದೆ ಎಂದು ವರ್ಷಗಳಿಂದ ವಾದಿಸುತ್ತಿದ್ದೆ.

ಕಳೆದ ಚಳಿಗಾಲದ ನಡಿಗೆಗೆ ನನ್ನ ಗೆಳೆಯನಿರಲಿಲ್ಲ. ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದ ಆತ, ಹಿಂದಿನ ನಡಿಗೆಯ ಬಳಿಕ ಹಾಸಿಗೆ ಹಿಡಿದು ಮಳೆಗಾಲದಲ್ಲಿ ತೀರಿಕೊಂಡಿದ್ದ. ಮುಂದಿನ ಸಲ ಇಡಲೆಂದು ಆತ ದಿಬ್ಬದ ಬುಡದಿಂದ ತಂದು ಮನೆಯ ಕಿಟಕಿಯ ಮೇಲೆ ಎತ್ತಿಟ್ಟಿದ್ದ ಕಲ್ಲನ್ನು ಆತನ ಹೆಂಡತಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಗಂಡ ಕಡೆಯ ಸಲ ಇಟ್ಟ ಕಲ್ಲಿನ ಪಕ್ಕದಲ್ಲಿ ಇದನ್ನಿಡಬೇಕೆಂಬುದಷ್ಟೇ ಅವರ ಆಸೆ. ಆ ದಿನದ ನಡಿಗೆ ಅದಕ್ಕಾಗಿಯೇ ಎಂಬುದು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಮಂಡಿನೋವಿನ ಆಕೆ ಇಬ್ಬರು ಹೆಂಗಸರ ಜೊತೆ ನಿಧಾನವಾಗಿ ಬರುತ್ತಿದ್ದರು. ನಾವು ಗಂಡಸರು ಮೊದಲೇ ನೆತ್ತಿ ತಲುಪಿದೆವು. ಗುಂಪಿಗೆ ಹೊಸದಾಗಿ ಸೇರಿದ್ದ ಒಬ್ಬರಿಗೆ, ಮೊಳಕಾಲ್ಮೂರಿನಿಂದ ಬಂದು ನಮ್ಮೂರಲ್ಲಿ ನೆಲೆಸಿದ ನೇಕಾರನೊಬ್ಬ ಗುಪ್ಪೆಯ ಕತೆ ಶುರು ಮಾಡಿದ. ಅವನ ಕತೆಯಲ್ಲಿ ಸತ್ತವಳು ಬಳೆ ಮಾರುವವಳು. ನಮ್ಮೂರಿನವರು ಹೇಳುವುದು ಮೊಸರು ಮಾರುವವಳೆಂದು.

"ಚಳ್ಳಕೆರೆಯಾಗೆ ಮೊಸರು ಮಾರಿ, ಮೊಳಕಾಲ್ಮೂರಾಗೆ ಬಳೆ ಮಾರಿ, ಇಲ್ಲಿ ಬಂದು ಎಲ್ಡು ಸಲ ಸತ್ಳೇನಲೇ?" ಎಂದೆ.

ಎಲ್ಲರೂ ನಕ್ಕರು. ನೇಕಾರ ನಗಲಿಲ್ಲ. "ನೀನೇನು ಅದರಡಿ ಹೊಕ್ಕು ನೋಡ್ಕಂಡು ಬಂದೀಯೇನಲೇ?"

ಆ ಮಾತು ನನ್ನನ್ನು ಚುಚ್ಚಿತು. ಪಂಚೆ ಎತ್ತಿ ಕಟ್ಟಿ, ಒಂದು ಮಗ್ಗುಲಿನಿಂದ ಕಲ್ಲು ಕೀಳತೊಡಗಿದೆ. ಬೇಡವೆಂದು ಒಬ್ಬಿಬ್ಬರು ತಡೆದರು. ಆಕೆ ಬರುವುದರೊಳಗೆ ಮತ್ತೆ ಪೇರಿಸಿಬಿಡಬಹುದು ಎಂದುಕೊಂಡಿದ್ದೆ. ಆದರೆ ಅಡಿಯ ಕಲ್ಲೊಂದು ಸಡಿಲಗೊಂಡದ್ದೇ ತಡ, ಗುಪ್ಪೆಯ ಮೇಲ್ಭಾಗವೆಲ್ಲ ಜಾರಿ ಇಳಿಜಾರಿನ ಉದ್ದಕ್ಕೂ ಚೆಲ್ಲಿತು. ನಡುವೆ ಬಾಂದಕಲ್ಲು ನಿಂತಿತ್ತು, ನಾನು ಹೇಳಿದ ಹಾಗೆಯೇ, ತಲೆಯ ಮೇಲೆ ಕೊರೆದ ಗುರುತಿನೊಂದಿಗೆ. "ನೋಡ್ರಪ್ಪ" ಎಂದು ತಿರುಗಿದೆ. ಯಾರೂ ಕಲ್ಲನ್ನು ನೋಡುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಆಕೆ ಏದುಸಿರು ಬಿಡುತ್ತ ನಿಂತಿದ್ದರು.

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಚೆಲ್ಲಿದ ಕಲ್ಲುಗಳನ್ನು ನೋಡಿ ಕೇಳಿದ್ದು ಇಷ್ಟೇ: "ಅಣ್ಣಾ, ನಮ್ಮನೆಯವರು ಕಡೇ ಸಲ ಇಟ್ಟಿದ್ದು ಯಾವ್ದು? ನೀವು ಪಕ್ಕದಾಗೇ ಇದ್ರಂತಲ್ಲ."

ಪಕ್ಕದಲ್ಲೇ ಇದ್ದೆ. ಆದರೆ ಆತ ಕಲ್ಲಿಡುವಾಗ ಬೇಕೆಂತಲೇ ಮುಖ ತಿರುಗಿಸಿ ಬೇಲಿಯಾಚೆ ನೋಡುತ್ತಿದ್ದೆ. ಅದು ನನ್ನ ಪ್ರತಿಭಟನೆಯ ರೀತಿಯಾಗಿತ್ತು. ಏನನ್ನೂ ಕಣ್ಣಾರೆ ನೋಡದೆ ಒಪ್ಪುವುದಿಲ್ಲ ಎನ್ನುವವನು, ನೋಡಬೇಕಾಗಿದ್ದ ಒಂದನ್ನು ನೋಡಿರಲಿಲ್ಲ. ತಪ್ಪಾಯ್ತಮ್ಮ, ಗೊತ್ತಿಲ್ಲ ಎಂದೆ. ಬಾಂದಕಲ್ಲಿನ ವಿಷಯ ತೊದಲಿದೆ. ಅದನ್ನಾದರೂ ಯಾಕೆ ಹೇಳಿದೆನೋ.

"ಅದು ಅವ್ರಿಗೂ ಗೊತ್ತಿತ್ತು," ಎಂದರು ಆಕೆ. "'ಅವನು ಹೇಳೋದು ದಿಟ ಐತೆ ಕಣೇ' ಅಂತಿದ್ರು. ಆದ್ರೂ ಇಡ್ತಿದ್ರು."

ಇಷ್ಟು ವರ್ಷ ನನ್ನ ಎದುರು ಆತ ಅದನ್ನು ಒಪ್ಪಿರಲಿಲ್ಲ. ನಾನು ಗೆದ್ದೆನೆಂದು ಬೀಗಿದರೆ ಆಮೇಲೆ ಜೊತೆಗೆ ನಡೆಯುವುದು ಕಷ್ಟವೆಂದು ಆತನಿಗೆ ಅನ್ನಿಸಿರಬೇಕು. ಈ ಊಹೆಗೂ ನನ್ನ ಬಳಿ ಆಧಾರವಿಲ್ಲ.

ನೇಕಾರ ಕಲ್ಲು ಆಯತೊಡಗಿದ. ಉಳಿದವರೂ ಬಾಗಿದರು. ಆಕೆ ಸೆರಗಿನ ಗಂಟು ಬಿಚ್ಚಿ, ಮುಷ್ಟಿಗಾತ್ರದ ಆ ಕಲ್ಲನ್ನು ತೆರೆದ ತಳದಲ್ಲಿ, ಬಾಂದಕಲ್ಲಿಗೆ ಒತ್ತಿ ಇಟ್ಟರು. ಎಲ್ಲ ಪೇರಿಸಿದ ಮೇಲೆ ತುದಿಯಲ್ಲಿ ಇಡಿರಮ್ಮ ಎಂದು ಯಾರೋ ಹೇಳಿದರು.

"ಇಲ್ಲೇ ಇರ್ಲಿ. ಈಗ ಯಾವ ಕಲ್ಲು ಪೇರಿಸಿದ್ರೂ ಇದರ ಮ್ಯಾಲೇ ಬರ್ತೈತೆ, ಅವ್ರು ಇಟ್ಟಿದ್ದೂ ಅದರಾಗೇ ಇರ್ತೈತೆ. ಮ್ಯಾಲಿಟ್ರೆ ಮತ್ತೆ ಯಾರಾದ್ರೂ ಕೀಳ್ತಾರೆ."

ನನ್ನ ಕಡೆ ನೋಡದೆಯೇ ಹೇಳಿದರು.

ಮಧ್ಯಾಹ್ನದ ಬುತ್ತಿ ಬಿಚ್ಚುವುದು ತಡವಾಯಿತು. ಇಳಿಜಾರಿನಲ್ಲಿ ಬಹಳ ಕೆಳಗೆ ಉರುಳಿಹೋದವನ್ನು ನಾನೊಬ್ಬನೇ ತರುತ್ತೇನೆಂದು ಹಟ ಹಿಡಿದೆ, ಯಾರೂ ಬೇಡವೆನ್ನಲಿಲ್ಲ. ಪ್ರತಿ ಕಲ್ಲನ್ನೂ ಎತ್ತಿ, ತಿರುಗಿಸಿ, ಗೆಳೆಯ ಇಟ್ಟದ್ದು ಇದೇ ಇರಬಹುದೇ ಎಂದು ನೋಡಿದೆ. ಎಲ್ಲವೂ ಒಂದೇ ಬಣ್ಣದ ಕಲ್ಲುಗಳು. ಗೊತ್ತಾಗದೆ, ಪ್ರತಿಯೊಂದನ್ನೂ ಅದೇ ಎಂಬಂತೆ ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ತಂದೆ.