ಅಣ್ಣನನ್ನೂ ಕರೆಯುವ ದೇಶ

ಸಂಜೆ ದೀಪ ಹಚ್ಚಿದ ಮೇಲೆ ಬಾಗಿಲ ಚಿಲಕ ಹಾಕುವುದು ನಮ್ಮ ಮನೆಯಲ್ಲಿ ಅಣ್ಣನ ಕೆಲಸವಾಗಿತ್ತು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅಣ್ಣನಿಗೆ ನಲವತ್ತಾರು ವರ್ಷ, ಬುದ್ಧಿ ಮಾತ್ರ ಆರೇಳು ವರ್ಷದ ಮಗುವಿನದು. ನಾನು ಹುಟ್ಟಿದಾಗ ಅಮ್ಮ ನನ್ನನ್ನು ಅವನ ತೊಡೆಯ ಮೇಲೆ ಮಲಗಿಸಿ, "ಪಾಪೂನ ನೀನೇ ನೋಡ್ಕೋಬೇಕು" ಅಂದಿದ್ದಳಂತೆ. ಅಮ್ಮ ಹೋದ ಮೇಲೂ ಅವನು ಆ ಮಾತು ಬಿಡಲಿಲ್ಲ. ಹೆಬ್ಬಾಳದ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ನಾನು ಮತ್ತಿಕೆರೆಯ ನಮ್ಮ ಗಲ್ಲಿಗೆ ಕಾಲಿಡುವಾಗ ಹೊಸಿಲ ಮೇಲೆ ನಿಂತಿರುತ್ತಿದ್ದ. "ಪಾಪು, ಒಳಗ್ ಬಾ" ಎಂದು ನನ್ನನ್ನು ಮುಂದೆ ಬಿಟ್ಟು, ಹಿಂದಿನಿಂದ ಚಿಲಕ ಜಡಿಯುತ್ತಿದ್ದ. ಸೊಂಟ ಬಿದ್ದುಹೋದ ಮೂವತ್ತೊಂಬತ್ತರ ನರ್ಸನ್ನು ಪಾಪು ಎಂದು ಕರೆಯುವವನು ಅವನೊಬ್ಬನೇ.

ನನಗೆ ಹೋಗಬೇಕಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಒಂದು ವಾರ್ಡಿಗೆ ಇಬ್ಬರೇ ಸಿಸ್ಟರ್‌ಗಳು, ಊಟದ ಡಬ್ಬಿ ತೆರೆದರೆ ಯಾವುದೋ ಮಂಚದಿಂದ ಕೂಗು. ನನ್ನ ಜೊತೆ ಓದಿದವರೆಲ್ಲ ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ಮದುವೆಯೂ ಆಗಲಿಲ್ಲ. ನನ್ನನ್ನು ನೋಡಲು ಬಂದವರು ಅಣ್ಣನನ್ನು ನೋಡಿ, ಉಪ್ಪಿಟ್ಟು ತಿಂದು, ಆಮೇಲೆ ಹೇಳಿಕಳಿಸುತ್ತೇವೆ ಎಂದು ಹೋದರು. ಹೇಳಿಕಳಿಸಿದವರು ಒಬ್ಬರೂ ಇಲ್ಲ.

ನರ್ಸ್‌ಗಳನ್ನು ಹೊರದೇಶಕ್ಕೆ ಕಳಿಸುವ ಒಂದು ಏಜೆನ್ಸಿ ಯಶವಂತಪುರದಲ್ಲಿತ್ತು. ಅಲ್ಲಿ ಕೂತಿದ್ದ ಹುಡುಗಿ ನಗುನಗುತ್ತಾ ಕೇಳಿದಳು.

"ಯಾವ ಕಂಟ್ರಿ ನೋಡ್ತಿದೀರ ಮ್ಯಾಮ್?"

"ನಮ್ಮಣ್ಣನ್ನೂ ಬಿಟ್ಕೊಳ್ಳೋ ಕಂಟ್ರಿ," ಎಂದೆ.

ಅಣ್ಣನ ಸಂಗತಿ ಹೇಳಿದೆ. ಅವಳು ಪಾಪ, ಒಳ್ಳೆಯವಳು. ಐರ್ಲೆಂಡ್, ಜರ್ಮನಿ, ಕೆನಡಾ, ದುಬೈ ಎಂದು ಒಂದೊಂದೇ ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಗಂಡನನ್ನು ಕರೆದೊಯ್ಯಬಹುದು, ಮಕ್ಕಳನ್ನು ಕರೆದೊಯ್ಯಬಹುದು. ಅಣ್ಣನಿಗೆ ಎಲ್ಲೂ ಜಾಗವಿರಲಿಲ್ಲ.

"ಬ್ರದರ್ ಡಿಪೆಂಡೆಂಟ್ ಆಗಲ್ಲ ಮ್ಯಾಮ್. ನಿಮ್ ಮಗ ಆಗಿದ್ರೆ ಏನಾದ್ರೂ ಟ್ರೈ ಮಾಡ್ಬಹುದಿತ್ತು."

ಊಟ ಹಾಕುತ್ತೇನೆ, ಗಡ್ಡ ಬೋಳಿಸುತ್ತೇನೆ, ಜ್ವರ ಬಂದರೆ ಪಕ್ಕದಲ್ಲಿ ಕೂರುತ್ತೇನೆ. ಇನ್ನೇನು ಮಾಡಿದರೆ ಮಗನಾಗುತ್ತಾನೆ ಎಂದು ಕೇಳಬೇಕೆನಿಸಿತು. ಕೇಳಿ ಏನು ಪ್ರಯೋಜನ? ಪ್ರಶ್ನೆಯನ್ನೇ ಬದಲಾಯಿಸಿದೆ. ಯಾವ ದೇಶದಲ್ಲಿ ವರ್ಷಕ್ಕೆ ಹೆಚ್ಚು ರಜೆ ಕೊಡುತ್ತಾರೆ? ಆ ಲೆಕ್ಕದಲ್ಲಿ ಅವಳು ಜರ್ಮನಿ ಎಂದಳು. ಉಳಿದವರು ಸಂಬಳ ನೋಡಿ, ಚಳಿ ನೋಡಿ ದೇಶ ಆರಿಸುತ್ತಾರೆ. ನಾನು ಅಣ್ಣನನ್ನು ನೋಡಲು ಎಷ್ಟು ದಿನ ಬರಬಹುದು ಎಂದು ಆರಿಸಿದೆ. ಅಂದರೆ ಅವನನ್ನು ಬಿಟ್ಟುಹೋಗುವುದು ಆ ಕುರ್ಚಿಯಲ್ಲೇ ತೀರ್ಮಾನವಾಗಿತ್ತು.

ಒಂದು ವರ್ಷ ಜರ್ಮನ್ ಕಲಿತೆ. ಅಡುಗೆ ಮಾಡುತ್ತಾ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಅಣ್ಣನಿಗೆ ಬಟ್ಟೆ ಮಡಿಸುವುದೆಂದರೆ ಪ್ರಾಣ. ಬೀದಿ ಕೊನೆಯ ಇಸ್ತ್ರಿ ಅಂಗಡಿಯವರೂ ಅವನನ್ನು ಕರೆದು ಬಟ್ಟೆ ಮಡಿಸಲು ಕೊಡುತ್ತಿದ್ದರು. ನನ್ನ ಪಾಠ ಕೇಳಿ ಕೇಳಿ ಅವನೂ "ಐನ್ಸ್, ತ್ಸ್ವಾಯ್, ದ್ರಾಯ್" ಎಂದು ಎಣಿಸುತ್ತಾ ಟವೆಲ್‌ಗಳನ್ನು ಜೋಡಿಸತೊಡಗಿದ. ಅಂಗಡಿಯವರು, "ಏನ್ ಗುರು, ಫಾರಿನ್ನಿಗ್ ಹೊರಟ್ಯಾ?" ಎಂದು ರೇಗಿಸುತ್ತಿದ್ದರು. ಅವನು ಹೌದು ಎಂದು ತಲೆಯಾಡಿಸುತ್ತಿದ್ದ. ನಾನು ಅವನನ್ನು ತಿದ್ದಲಿಲ್ಲ.

ಪರೀಕ್ಷೆ ಪಾಸಾಯಿತು, ಅಲ್ಲಿನ ಒಂದು ಆಸ್ಪತ್ರೆಯಿಂದ ಕೆಲಸದ ಪತ್ರವೂ ಬಂತು. ಪುಟ್ಟೇನಹಳ್ಳಿಯಲ್ಲಿರುವ ಚಿಕ್ಕಮ್ಮ, ಅಣ್ಣನಂಥವರನ್ನು ಇಟ್ಟುಕೊಳ್ಳುವ ಒಂದು ಆಶ್ರಮವನ್ನು ಯಲಹಂಕದ ಆಚೆ ಹುಡುಕಿಕೊಟ್ಟರು. "ಎಷ್ಟ್ ದಿನ ಅಂತ ನೀನೊಬ್ಳೇ ಒದ್ದಾಡ್ತೀಯೇ? ನೀನ್ ಕಣ್ ಮುಚ್ಚಿದ್ರೆ ಅವನ ಗತಿ ಏನು? ಈಗ್ಲೇ ರೂಢಿಯಾಗ್ಲಿ ಬಿಡು," ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೊದಲು ಎಂಟು ದಿನ ಬಿಟ್ಟು ನೋಡಿ ಎಂಬುದು ಆಶ್ರಮದ ನಿಯಮ. ಜಾಗ ಚೊಕ್ಕಟವಾಗಿತ್ತು. ಡ್ಯೂಟಿಗೆ ಹೋಗಿ ಬರ್ತೀನಿ ಎಂದು ಅಣ್ಣನಿಗೆ ಸುಳ್ಳು ಹೇಳಿ ಅಲ್ಲಿ ಬಿಟ್ಟು ಬಂದೆ.

ಆ ಎಂಟು ಸಂಜೆ ಚಿಲಕ ನಾನೇ ಹಾಕಿಕೊಂಡೆ. ಹಳೆಯ ಕಬ್ಬಿಣದ ಚಿಲಕ, ಬಾಗಿಲನ್ನು ಭುಜದಿಂದ ಒತ್ತಿ ಹಿಡಿದರೇನೇ ಬೀಳುತ್ತದೆ. ಅವನು ಭುಜ ಕೊಟ್ಟು ತಳ್ಳುತ್ತಿದ್ದದ್ದು ಏಕೆ ಎಂದು ಆಗ ತಿಳಿಯಿತು.

ಎಂಟನೆಯ ದಿನ ಹೋದಾಗ ಅಲ್ಲಿನ ಮೇಲ್ವಿಚಾರಕಿ ಖುಷಿಯಾಗಿದ್ದರು. "ಚೆನ್ನಾಗ್ ಊಟ ಮಾಡ್ತಾರೆ, ಎಲ್ರ ಬಟ್ಟೇನೂ ಮಡಿಸ್ಕೊಡ್ತಾರೆ. ಮೊದಮೊದ್ಲು ಸಾಯಂಕಾಲ ಆದ್ರೆ ಸಾಕು, ಚಪ್ಪಲಿ ಹಾಕ್ಕೊಂಡು ಗೇಟ್ ಹತ್ರ ನಿಂತ್ಬಿಡೋರು. ಪಾಪು ಒಬ್ಳೇ ಇದಾಳೆ, ಚಿಲಕ ಹಾಕ್ಬೇಕು ಅಂತ ಒಂದೇ ಹಟ. ಚಿಲಕ ಎಲ್ಲ ನಾವ್ ಹಾಕ್ತೀವಿ, ನೀವು ಮುಟ್ಬಾರ್ದು ಅಂತ ಹೇಳಿ ಹೇಳಿ ಸಾಕಾಯ್ತು. ನಾಲ್ಕು ದಿನ ಅಷ್ಟೇ. ಈಗ ಕೇಳೋದೇ ಇಲ್ಲ."

ಅಣ್ಣ ಬೆಂಚಿನ ಮೇಲೆ ಕೈ ತೊಡೆಯ ಮೇಲಿಟ್ಟು ಕೂತಿದ್ದ. ನನ್ನನ್ನು ನೋಡಿದ, ಏಳಲಿಲ್ಲ. ಮನೆಗೆ ಹೋಗೋಣ ಎಂದೂ ಕೇಳಲಿಲ್ಲ. ಅತ್ತು ರಂಪ ಮಾಡಿದ್ದರೆ ಕಲ್ಲು ಮನಸ್ಸು ಮಾಡಿ ಬಿಟ್ಟುಬರುತ್ತಿದ್ದೆನೇನೋ. ಅವನು ಸುಮ್ಮನೆ ಕೂತಿದ್ದನ್ನು ನೋಡಲಾಗಲಿಲ್ಲ. ಬಟ್ಟೆ ಗಂಟು ಎತ್ತಿಕೊಂಡು, "ಏಳು ಅಣ್ಣ" ಎಂದೆ. ಎದ್ದ. ಮೇಲ್ವಿಚಾರಕಿ ಏನೋ ಹೇಳುತ್ತಲೇ ಇದ್ದರು.

ಇದನ್ನು ತ್ಯಾಗ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಪ್ರೀತಿಯಿಂದ ಕರೆತಂದೆನೋ ಹೆದರಿ ಕರೆತಂದೆನೋ ನನಗೇ ಗೊತ್ತಿಲ್ಲ. ಕೆಲಸದ ಪತ್ರದ ಅವಧಿ ಮುಗಿಯಿತು. ಏಜೆನ್ಸಿಯ ಹುಡುಗಿ ಎರಡು ಸಲ ಫೋನ್ ಮಾಡಿ ಕೈಬಿಟ್ಟಳು. ಕೆಲವು ದಿನ ಅವನ ತಟ್ಟೆಗೆ ಅನ್ನ ಹಾಕುವಾಗ ಸೌಟನ್ನು ಕುಕ್ಕುತ್ತೇನೆ. ನಿನ್ನಿಂದಲೇ ಎಂದು ಒಮ್ಮೆ ಬಾಯಿಬಿಟ್ಟು ಅಂದೂಬಿಟ್ಟಿದ್ದೇನೆ. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಕರೆತಂದ ಸಂಜೆ ದೀಪ ಹಚ್ಚಿ ಕಾದೆ. ಅಣ್ಣ ಬಾಗಿಲ ಬಳಿ ಹೋಗಿ ನಿಂತ. ಚಿಲಕದತ್ತ ಕೈ ಎತ್ತಿ, ಇಳಿಸಿ, ನನ್ನ ಮುಖ ನೋಡಿದ.

"ಹಾಕ್ಲಾ?" ಎಂದು ಕೇಳಿದ.

ಅಮ್ಮ ನನ್ನನ್ನು ಅವನ ತೊಡೆಯ ಮೇಲಿಟ್ಟ ದಿನದಿಂದ ಚಿಲಕ ಹಾಕಲು ಅವನು ಯಾರ ಅಪ್ಪಣೆಯನ್ನೂ ಕೇಳಿದವನಲ್ಲ. ಈಗ ದಿನವೂ ಕೇಳುತ್ತಾನೆ. ಹಾಕು ಎನ್ನುವವರೆಗೆ ಅಲ್ಲೇ ನಿಂತಿರುತ್ತಾನೆ.