ಕೇಳಿ ತರಿಸಿದ ಕಟ್ಟಿಗೆ

ಕಮಲಾಪುರದ ಪುತಳಾಬಾಯಿಯನ್ನು ಯಾರೂ ಯಾವತ್ತೂ ಏನನ್ನೂ ಕೇಳಿರಲಿಲ್ಲ. ಹೇಳುತ್ತಿದ್ದರು, ಅಷ್ಟೇ. ನಿಜಾಮರ ಕಾಲ. ಅಧಿಕಾರಿಗಳು ತಪಾಸಣೆಗೆಂದು ದೌರಾ ಬಂದಾಗ ಕುದುರೆಗೆ ಹುಲ್ಲು, ಒಲೆಗೆ ಕಟ್ಟಿಗೆ ಹೊರುವುದು ಅವಳ ಕೇರಿಯ ಮನೆಗಳ ಪಾಲಿನ ಬಿಟ್ಟಿ. ಕೂಲಿ ಇಲ್ಲ, ಒಲ್ಲೆ ಅನ್ನುವ ಹಾಗೂ ಇಲ್ಲ. ಊರ ಕಂದಾಯ ವಸೂಲಿಯ ಮಾಲಿಪಾಟೀಲ ದೌಲಪ್ಪನ ಆಳು ಬೇವಿನ ಮರದ ಕೆಳಗೆ ನಿಂತು ಹೆಸರು ಕೂಗಿದನೆಂದರೆ ತಾಟಿನಲ್ಲಿಯ ರೊಟ್ಟಿ ತಾಟಿನಲ್ಲೇ ಉಳಿಯುತ್ತಿತ್ತು. ಗಂಡ ಪೀರಪ್ಪ ತಲೆ ತಗ್ಗಿಸಿ ಹೋಗುತ್ತಿದ್ದ. ಅವಳೂ ಹೋಗುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಆ ಬೇಸಿಗೆ ಕಲಬುರಗಿಯಿಂದ ಅಣವೀರಪ್ಪ ಮಾಸ್ತರ ಶಾಲೆಯ ಹುಡುಗರನ್ನು ಬಂಡಿಗಳಲ್ಲಿ ಕರೆತಂದ. ಊರಾಚೆಯ ಗುಡ್ಡದ ಮೇಲೆ ಡೇರೆ ಹಾಕಿ, ಬಯಲಿನಲ್ಲಿ ಬಾಳುವುದನ್ನು ಕಲಿಸುವ ಶಿಬಿರ ಅದು. ತೋಳ ತಿರುಗುವ ಗುಡ್ಡ, ರಾತ್ರಿ ಬೆಂಕಿ ಆರಗೊಡುವಂತಿರಲಿಲ್ಲ. ಮಾಸ್ತರ ಕೇರಿಗೇ ಬಂದ. ಕೂಲಿ ಕೊಡಲು ತನ್ನಲ್ಲಿ ಹಣವಿಲ್ಲ, ಮನಸ್ಸಿದ್ದವರು ಕಟ್ಟಿಗೆ ತಂದು ಬೆಂಕಿ ಕಾಯುವಿರಾ ಎಂದು ಕೇಳಿದ. ಒಲ್ಲೆ ಅಂದರೂ ಬೇಸರವಿಲ್ಲ ಎಂದ.

ಒಲ್ಲೆ ಅನ್ನಬಹುದು ಎಂಬ ಮಾತನ್ನು ಪುತಳಾಬಾಯಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದಕ್ಕೇ ಬರುತ್ತೇನೆಂದಳು.

"ಇದ್ದ ಬಿಟ್ಟಿ ಸಾಲದಂತ ಹೊಸಾದು ಹುಡಿಕ್ಕೊಂಡು ಹೊಂಟಾಳ ನೋಡ್ರೇ," ಎಂದು ನೆರೆಮನೆಯ ಕಸ್ತೂರಿಬಾಯಿ ನಕ್ಕಳು.

"ಇದು ಬಿಟ್ಟಿ ಅಲ್ಲ. ಕೇಳ್ಯಾರ."

ಗುಡ್ಡದ ಹವೆಯನ್ನು ನಂಬುವಂತಿರಲಿಲ್ಲ. ಮುಂಜಾನೆ ಬಂಡೆ ಸುಡುವ ಬಿಸಿಲು. ಹೊತ್ತು ವಾಲುವಷ್ಟರಲ್ಲಿ ಕೆಂಪು ಧೂಳಿನ ಗಾಳಿ, ಅದರ ಬೆನ್ನಿಗೇ ಆಲಿಕಲ್ಲು. ನವಿಲುಗಳು ಕೂಗಿ ಕೂಗಿ ಒಮ್ಮೆಲೇ ಸುಮ್ಮನಾಗುತ್ತಿದ್ದವು. ಪುತಳಾಬಾಯಿ ಮಳೆ ತಾಗದ ಚಾಚುಬಂಡೆಯೊಂದರ ಕೆಳಗೆ ಕಟ್ಟಿಗೆ ಒಟ್ಟಿ ಒಣಗಿಸಿಟ್ಟಿದ್ದಳು. ತೋಳ ಬೆಂಕಿಗೆ ನಿಜವಾಗಿ ಅಂಜುತ್ತದೆಯೇ ಎಂದು ಹುಡುಗರು ಕೇಳಿದರೆ, ನೀವು ಮಾಸ್ತರರಿಗೆ ಅಂಜಿದಷ್ಟು ಎನ್ನುತ್ತಿದ್ದಳು. ಅವಳ ಪಾಲಿನ ಊಟ ಮಾತ್ರ ದೂರದ ಕಲ್ಲಿನ ಮೇಲೆ ಬರುತ್ತಿತ್ತು. ಅದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ.

ಒಂದು ಸಂಜೆಯ ಬಿರುಗಾಳಿಗೆ ಡೇರೆಗಳು ಹಾರಿದವು. ಮರುದಿನ ನೋಡಿಹೋಗಲು ಕಂದಾಯದ ಗಿರ್ದಾವರ ಖಮರುದ್ದೀನ್ ಸಾಹೇಬ ಕುದುರೆಯ ಮೇಲೆ ಬಂದ. ಜೊತೆಗೆ ದೌಲಪ್ಪ. ಎಲ್ಲೆಲ್ಲೂ ಹಸಿ ನೆಲ, ನಡುವೆ ಒಣ ಕಟ್ಟಿಗೆಯ ಹೊರೆ ಇಳಿಸುತ್ತಿದ್ದ ಪುತಳಾಬಾಯಿ. ಸಾಹೇಬ ಮೆಚ್ಚಿ ವಿಚಾರಿಸಿದ.

"ನಮ್ಮ ಬಿಟ್ಟಿ ಮನಿಯಾಕಿ, ಹುಜೂರ್," ಅಂದ ದೌಲಪ್ಪ. "ನಾನೇ ಕಳಿಸೀನಿ."

ಹಾಗಾದರೆ ತನ್ನ ಬಿಡಾರಕ್ಕೂ ಒಂದು ಹೊರೆ ಬರಲಿ ಎಂದ ಸಾಹೇಬ.

ಪುತಳಾಬಾಯಿ ಮಾಸ್ತರನನ್ನು ನೋಡಿದಳು. ತಾನೇ ಕೇಳಿ ಕರೆದೆನೆನ್ನುವ ಒಂದೇ ಮಾತಿನ ಕೆಲಸ. ಮಾಸ್ತರ ತಲೆಯ ರುಮಾಲು ಸರಿಮಾಡಿಕೊಂಡು ಹರಿದ ಡೇರೆಯ ಕಡೆ ಮುಖ ತಿರುಗಿಸಿದ.

ಅವಳು ಹೊರೆಯ ಹಗ್ಗ ಬಿಚ್ಚಿದಳು. ಕಾಲಿನಿಂದ ನೂಕಿದಳು. ಒಣ ಕಟ್ಟಿಗೆಯೆಲ್ಲ ಇಳಿಜಾರಿನಲ್ಲಿ ಉರುಳಿ ಕೆಳಗಿನ ಕೆಸರಿಗೆ ಬಿತ್ತು.

"ನೀವು ಕಳಿಸಿದ್ದು ಅಲ್ಲಿ ಬಿದ್ದದ, ಪಾಟೀಲ್ರ. ತಗೋರಿ."

ದೌಲಪ್ಪ ಬಡಿಗೆ ಎತ್ತಿದ. ಸಾಹೇಬ ನಕ್ಕುಬಿಟ್ಟ, ಬಡಿಗೆ ಇಳಿಯಿತು. ಆ ನಗೆಯೂ ಅವಳಿಗೆ ಬೇಕಿರಲಿಲ್ಲ.

ಅವಳು ಹೋಗಿ ಚಾಚುಬಂಡೆಯ ಕೆಳಗೆ, ಉಳಿದ ಕಟ್ಟಿಗೆಗೆ ಬೆನ್ನು ಕೊಟ್ಟು ಕೂತಳು. ಮತ್ತೆ ಮಳೆ ಹಿಡಿದು, ಸಾಹೇಬನೂ ದೌಲಪ್ಪನೂ ಮತ್ತೆ ಕಟ್ಟಿದ ಡೇರೆಯಲ್ಲೇ ಸಿಕ್ಕಿಬಿದ್ದರು. ಹೊತ್ತು ಮುಳುಗುವಾಗ ಬೆಂಕಿ ಬೂದಿಯಾಗಿತ್ತು. ಕೊಳ್ಳದಿಂದ ತೋಳದ ಊಳು ಕೇಳಿಸಿ ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡರು. ಮಾಸ್ತರ ದೂರದಿಂದ ಕರೆದ. ಅವಳು ಏಳಲಿಲ್ಲ. ಕೊನೆಗೆ ತಾನೇ ತೊಯ್ಯುತ್ತ ಬಂದ.

"ಮತ್ತೊಮ್ಮಿ ಕೇಳ್ರಿ," ಅಂದಳು. "ಅವ್ರಿಗೆ ಕೇಳ್ಸೂ ಹಂಗ."

ಮಾಸ್ತರ ಡೇರೆಯ ಕಡೆ ನೋಡಿದ. ದನಿ ಎತ್ತರಿಸಿದ.

"ಪುತಳಾಬಾಯಿ, ನಿನ್ನ ಯಾರೂ ಕಳಿಸಿಲ್ಲ. ನಾನು ಕೇಳೀನಿ, ನೀ ಬಂದೀದಿ. ಕಟ್ಟಿಗಿ ಕೊಡ್ತೀ ಏನು?"

ಮಳೆ ಬಂಡೆಯಂಚಿನಿಂದ ದಾರದಾರವಾಗಿ ಇಳಿಯುತ್ತಿತ್ತು.

"ಹುಡುಗೂರಿಗೆ ಕೊಡ್ತೇನಿ."

ಮಳೆ ತಗ್ಗಿದಾಗ ಬೆಂಕಿ ಹತ್ತಿತು. ಡೇರೆಯಲ್ಲಿದ್ದವರಿಗೂ ಮಾಸ್ತರನಿಗೂ ಬೆನ್ನು ಮಾಡಿ ಅವಳು ಅದನ್ನು ಕಾದಳು.

ಅಲ್ಲಿಂದಾಚೆ ದೌಲಪ್ಪನ ಆಳು ಕೂಗುವ ಮೊದಲ ಹೆಸರು ಯಾವಾಗಲೂ ಅವಳದೇ. ಮರುಬೇಸಿಗೆ ಮಾಸ್ತರ ಅವಳ ಬಾಗಿಲಿಗೇ ಬಂದು, ಶಿಬಿರಕ್ಕೆ ಬರುವೆಯಾ ಎಂದು ಕೇಳಿದ. ಅವಳು ಉಣ್ಣಲು ಕೂತಿದ್ದಳು.

"ಒಲ್ಲೆರೀ," ಅಂದಳು.

ಮಾಸ್ತರ ನಿಂತೇ ಇದ್ದ. ಅವಳು ತಾಟಿನಲ್ಲಿಯ ರೊಟ್ಟಿಯನ್ನು ನಿಧಾನವಾಗಿ ಮುರಿದು, ಪೂರ್ತಿ ತಿಂದಳು.